ಅಮ್ಮನ ತವರು ಲುಂಬನ್: ಮಕ್ಕಳನ್ನು ಕರೆದುಕೊಂಡು ಫಿಲಿಪೀನ್ಸ್‌ನ ನಂಟರ ಮನೆಗೆ

ನನ್ನ ಅಮ್ಮನ ತವರು ಫಿಲಿಪೀನ್ಸ್. ಲಗೂನಾ ಪ್ರಾಂತ್ಯದ ಲುಂಬನ್ ಅನ್ನುವ ಪಟ್ಟಣ, ಮನಿಲಾದಿಂದ ಸುಮಾರು 100 ಕಿಲೋಮೀಟರ್. ಅಪ್ಪ ಮಂಡ್ಯ ಕಡೆಯ ಒಕ್ಕಲು ಮನೆತನದವರು. ಭತ್ತದ ತಳಿಗಳ ಬಗ್ಗೆ ಓದಲಿಕ್ಕೆ ಎಪ್ಪತ್ತರ ದಶಕದ ಕೊನೆಗೆ ಅದೇ ಲಗೂನಾದ ಲೋಸ್ ಬಾನ್ಯೋಸ್‌ಗೆ ಹೋದರು. ಅಲ್ಲಿ 1960ರಲ್ಲಿ ಶುರುವಾದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದೆ. ಎಲ್ಲರೂ ಚಿಕ್ಕದಾಗಿ ಇರ್ರಿ ಅನ್ನುತ್ತಾರೆ. ಹೆಚ್ಚು ಇಳುವರಿಯ ಐಆರ್-8 ಭತ್ತದ ತಳಿ 1966ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಅಮ್ಮ ಅಲ್ಲಿಯ ಲೈಬ್ರರಿಯಲ್ಲಿ ಕೆಲಸಕ್ಕಿದ್ದರು. ಮದುವೆ ಲುಂಬನ್‌ನ ಸಂತ ಸೆಬಾಸ್ಟಿಯನ್ ಚರ್ಚ್‌ನಲ್ಲಿ ಆಯಿತು. ಆಮೇಲೆ ಅಮ್ಮ ಮಂಡ್ಯಕ್ಕೆ ಬಂದು ಮುದ್ದೆ ಕಟ್ಟುವುದು ಕಲಿತರು, ಕನ್ನಡ ಕಲಿತರು, ನನ್ನನ್ನೂ ತಮ್ಮನನ್ನೂ ಕನ್ನಡದಲ್ಲೇ ಬೆಳೆಸಿದರು. ಭಾನುವಾರ ಚರ್ಚ್‌ಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ.

ಅಮ್ಮ ತಮ್ಮ ಅಪ್ಪ ತೀರಿಕೊಂಡಾಗ ಒಮ್ಮೆ, ತಮ್ಮ ಅಮ್ಮ ತೀರಿಕೊಂಡಾಗ ಒಮ್ಮೆ ತವರಿಗೆ ಹೋಗಿದ್ದರು. ನಾನು ತೀರಾ ಚಿಕ್ಕವಳಿದ್ದಾಗ ಒಂದು ಸಲ ಹೋಗಿದ್ದೆ, ಏನೂ ನೆನಪಿಲ್ಲ. ನನ್ನ ಮಕ್ಕಳು ಅಮ್ಮನನ್ನು ಅಜ್ಜಿ ಅನ್ನದೆ ಲೋಲಾ ಅನ್ನುತ್ತಾರೆ. ಅವರಿಗೆ ಫಿಲಿಪೀನ್ಸ್ ಅಂದರೆ ಅಷ್ಟೇ ಆಗಿತ್ತು.

ಅಪ್ಪ ಹೋದ ಮೇಲೆ ಅಮ್ಮ ತಂಗಿಯರ ಜೊತೆ ಫೋನಿನಲ್ಲಿ ತಗಾಲೋಗ್ ಮಾತಾಡುವುದು ಜಾಸ್ತಿ ಆಯಿತು. ಒಂದು ದಿನ ಊಟಕ್ಕೆ ಕೂತಾಗ, "ಈ ಸಲ ಉಂಡಾಸ್‌ಗೆ ನಮ್ಮ ಅಪ್ಪ ಅಮ್ಮನ ಸಮಾಧಿ ಹತ್ತಿರ ಇರ್ಬೇಕು ಕಣೇ" ಅಂದರು. ಉಂಡಾಸ್ ಅಂದರೆ ನವೆಂಬರ್ 1 ಮತ್ತು 2, ತೀರಿಹೋದವರನ್ನು ನೆನೆಯುವ ದಿನಗಳು. ನಮ್ಮ ಮಹಾಲಯ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಎಡೆ ಇಡಲು ಸೇರುವ ಹಾಗೆ ಅಲ್ಲಿ ಇಡೀ ವಂಶವೇ ಸ್ಮಶಾನದಲ್ಲಿ ಸೇರುತ್ತದೆ. ನಮ್ಮ ಪ್ರವಾಸ ಕಟ್ಟಿಕೊಂಡದ್ದು ಈ ಒಂದು ದಿನದ ಸುತ್ತ.

ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಹೀಗೆ ತವರಿನ ಕಡೆ, ಅಜ್ಜನ ಊರಿನ ಕಡೆ ಹೊರಡುವವರು ಸಾಮಾನ್ಯವಾಗಿ ರಜೆ, ವಿಮಾನದ ದರ, ಬೀಚ್ ನೋಡಿ ದಿನ ಗೊತ್ತು ಮಾಡುತ್ತಾರೆ. ಮಧ್ಯೆ ಒಂದು ದಿನ ನಂಟರ ಮನೆ. ಆ ಒಂದು ದಿನ ಅಲ್ಲಿಯವರು ಒಳ್ಳೆ ಬಟ್ಟೆ ಹಾಕಿಕೊಂಡು ಕಾಯುತ್ತಾರೆ, ಹೊಟ್ಟೆ ಬಿರಿಯುವಷ್ಟು ಬಡಿಸುತ್ತಾರೆ, ಫೋಟೋ ತೆಗೆಯುತ್ತಾರೆ. ಮಾತು ಮುಗಿದುಹೋಗುತ್ತದೆ. ಹಾಗಾಗಬಾರದು ಅಂತ ನಾನು ಮೊದಲೇ ಯೋಚನೆ ಮಾಡಿದ್ದೆ. ಅವರು ತಾವೇ ಮಾಡಿಕೊಳ್ಳುತ್ತಿರುವ ಒಂದು ಕೆಲಸಕ್ಕೆ ನಾವು ಹೋಗಿ ಕೈ ಜೋಡಿಸಬೇಕು, ಆಗ ಮಾತು ತಾನಾಗಿ ಬರುತ್ತದೆ. ಬೊರಾಕಾಯ್ ದ್ವೀಪ ನೋಡಬೇಕು ಅಂತ ಮಗನಿಗೆ ಆಸೆ ಇತ್ತು. ಅದನ್ನು ಪಟ್ಟಿಯಿಂದ ತೆಗೆದೆವು.

ಹೊರಡುವ ಮೊದಲಿನ ಕೆಲಸವೇ ದೊಡ್ಡದು. ನಾನು ಮೊದಲು ಮಾಡಿದ್ದು ಅಮ್ಮನ ಹತ್ತಿರ ವಂಶಾವಳಿ ಬರೆಸಿಕೊಂಡದ್ದು. "ನಿಮ್ಮ ಅಜ್ಜನ ಹೆಸರೇನು, ಅವರಿಗೆ ಎಷ್ಟು ಜನ ಮಕ್ಕಳು" ಅಂತ ಕೇಳಿದರೆ ಅಮ್ಮ ಎರಡು ಮಾತು ಹೇಳಿ ಸುಮ್ಮನಾಗುತ್ತಿದ್ದರು. ಹಳೆ ಫೋಟೋ ಕೈಗೆ ಕೊಟ್ಟರೆ ಬೇರೆಯೇ ಕಥೆ. ಯಾರು ಯಾರ ಪಕ್ಕ ನಿಂತಿದ್ದಾರೆ, ಯಾಕೆ ನಿಂತಿದ್ದಾರೆ, ಯಾರು ಮುನಿಸಿಕೊಂಡು ಫೋಟೋಗೆ ಬರಲಿಲ್ಲ, ಎಲ್ಲ ಹೊರಗೆ ಬಂತು. ಮೊಬೈಲ್‌ನಲ್ಲಿ ಧ್ವನಿ ರೆಕಾರ್ಡ್ ಮಾಡಿಕೊಂಡೆ. ರಾತ್ರಿ ಮಗಳು ಅದನ್ನು ಕೇಳಿ ದೊಡ್ಡ ಹಾಳೆಯಲ್ಲಿ ಗೆರೆ ಎಳೆದು ಬರೆಯುತ್ತಿದ್ದಳು.

ಅಲ್ಲಿಯ ಹೆಸರುಗಳ ರೀತಿ ಗೊತ್ತಿದ್ದರೆ ಈ ಕೆಲಸ ಸುಲಭ. ಫಿಲಿಪೀನ್ಸ್‌ನಲ್ಲಿ ಸಾಮಾನ್ಯವಾಗಿ ಒಬ್ಬರ ನಡುವಿನ ಹೆಸರು ಅವರ ಅಮ್ಮನ ತವರಿನ ಅಡ್ಡಹೆಸರು. ಹೆಂಗಸರು ಮದುವೆಯಾದ ಮೇಲೆ ತಮ್ಮ ತವರಿನ ಅಡ್ಡಹೆಸರನ್ನು ನಡುವಿನ ಹೆಸರು ಮಾಡಿಕೊಳ್ಳುತ್ತಾರೆ. ಹಾಗಾಗಿ ಒಬ್ಬರ ಪೂರ್ತಿ ಹೆಸರು ಸಿಕ್ಕಿದರೆ ಅಪ್ಪನ ಕಡೆ, ಅಮ್ಮನ ಕಡೆ ಎರಡೂ ಗೊತ್ತಾಗುತ್ತದೆ, ಮದುವೆಯಾದ ಹೆಂಗಸರದಾದರೆ ತವರು, ಗಂಡನ ಮನೆ ಎರಡೂ. ತೊಡಕು ಇನ್ನೊಂದು ಕಡೆ ಇದೆ. ನಂಟರಿಗೆ ನಂಟರ ಪೂರ್ತಿ ಹೆಸರೇ ಗೊತ್ತಿರುವುದಿಲ್ಲ. ಎಲ್ಲರಿಗೂ ಒಂದು ಮನೆ ಹೆಸರು. ಬೇಬಿ, ಬಾಯ್, ನೆನೆ, ತೊತೊಯ್. ಎಪ್ಪತ್ತು ವರ್ಷದ ಮುದುಕರನ್ನೂ ಬಾಯ್ ಅಂತಲೇ ಕರೆಯುತ್ತಾರೆ. ನಮ್ಮ ಹಳ್ಳಿಗಳಲ್ಲಿ ಪುಟ್ಟಣ್ಣ, ಪಾಪಣ್ಣ ಅನ್ನುವುದಿಲ್ವಾ, ಹಾಗೇ. ಆದ್ದರಿಂದ ನಮ್ಮ ಹಾಳೆಯಲ್ಲಿ ಪ್ರತಿಯೊಬ್ಬರಿಗೂ ದಾಖಲೆಯ ಹೆಸರು ಒಂದು, ಮನೆಯ ಹೆಸರು ಒಂದು ಬರೆದೆವು. ಮನೆ ಹೆಸರಿಲ್ಲದ ವಂಶಾವಳಿ ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

ಹಾಳೆಯ ಫೋಟೋವನ್ನು ಅಮ್ಮನ ತಂಗಿಯ ಮಗಳಿಗೆ ಕಳಿಸಿದೆ. ವಾಟ್ಸ್‌ಆ್ಯಪ್‌ನಲ್ಲಿ ಅಲ್ಲ. ಅಲ್ಲಿ ಎಲ್ಲರೂ ಇರುವುದು ಫೇಸ್‌ಬುಕ್ ಮೆಸೆಂಜರ್‌ನಲ್ಲಿ, ನಾವೇ ಅದನ್ನು ಹಾಕಿಕೊಳ್ಳಬೇಕಾಯಿತು. ಅವಳು ಒಂದು ಗುಂಪು ಮಾಡಿದಳು. ಆಮೇಲೆ ನೋಡಿ, ದುಬೈನಲ್ಲಿ ನರ್ಸ್ ಆಗಿರುವವರು, ಕೆನಡಾದಲ್ಲಿರುವವರು, ಹಡಗಿನಲ್ಲಿ ಕೆಲಸ ಮಾಡುವವರು ಒಬ್ಬೊಬ್ಬರಾಗಿ ಸೇರಿಕೊಂಡರು. ಹೊರದೇಶದಲ್ಲಿ ದುಡಿಯುವವರು ಇಲ್ಲದ ಮನೆ ಅಲ್ಲಿ ಅಪರೂಪ. ದೂರ ಇರುವವರಿಗೇ ಈ ವಿಷಯದಲ್ಲಿ ಆಸಕ್ತಿ ಜಾಸ್ತಿ, ಅದು ನಾನು ಗಮನಿಸಿದ್ದು. ನಮ್ಮ ಹಾಳೆಯ ಖಾಲಿ ಜಾಗಗಳನ್ನು ತುಂಬಿಸಿದವರು ಹೆಚ್ಚಾಗಿ ಅವರೇ.

ಅದಕ್ಕಿಂತ ಹಿಂದಕ್ಕೆ ಹೋಗಲು ದಾಖಲೆ ಬೇಕು. ಫ್ಯಾಮಿಲಿಸರ್ಚ್ ಅನ್ನುವ ತಾಣದಲ್ಲಿ ಫಿಲಿಪೀನ್ಸ್‌ನ ಎಷ್ಟೋ ಚರ್ಚ್‌ಗಳ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳ ಚಿತ್ರಗಳಿವೆ. ದುಡ್ಡು ಕೊಡಬೇಕಿಲ್ಲ. ಹಳೆಯವು ಸ್ಪ್ಯಾನಿಷ್‌ನಲ್ಲಿವೆ, ಆದರೆ ಒಂದೇ ನಮೂನೆಯ ವಾಕ್ಯ ಮತ್ತೆ ಮತ್ತೆ ಬರುವುದರಿಂದ ಸ್ವಲ್ಪ ಅಭ್ಯಾಸವಾದರೆ ಓದಬಹುದು. 1849ರ ಹಿಂದಕ್ಕೆ ಅಡ್ಡಹೆಸರು ಹಿಡಿದು ಹೋಗುವುದು ಕಷ್ಟ. ಆ ವರ್ಷ ಸ್ಪ್ಯಾನಿಷ್ ಗವರ್ನರ್ ನಾರ್ಸಿಸೊ ಕ್ಲಾವೆರಿಯಾ ಎಲ್ಲರಿಗೂ ಅಡ್ಡಹೆಸರು ಇರಲೇಬೇಕು ಅಂತ ಆದೇಶ ಮಾಡಿ, ಹೆಸರುಗಳ ದೊಡ್ಡ ಪಟ್ಟಿಯನ್ನೇ ಊರೂರಿಗೆ ಕಳಿಸಿದ. ಕೆಲವು ಊರುಗಳಲ್ಲಿ ಎಲ್ಲರ ಅಡ್ಡಹೆಸರೂ ಒಂದೇ ಅಕ್ಷರದಿಂದ ಶುರುವಾಗುವುದು ಅದಕ್ಕೇ. ಎರಡನೇ ಮಹಾಯುದ್ಧದಲ್ಲಿ ಸುಟ್ಟುಹೋದ ದಾಖಲೆಗಳೂ ಬಹಳ. ನಮಗೆ ಅಮ್ಮನ ಅಜ್ಜನ ತನಕ ಸಿಕ್ಕಿತು. ಅಲ್ಲಿಗೆ ನಿಲ್ಲಿಸಿದೆ. ಬದುಕಿರುವವರೇ ಇಷ್ಟು ಜನ ಇದ್ದಾರಲ್ಲ.

ವೀಸಾ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅಮ್ಮನದು ಈಗಲೂ ಫಿಲಿಪೀನ್ಸ್ ಪಾಸ್‌ಪೋರ್ಟ್, ಇಲ್ಲಿರಲು ಒಸಿಐ ಕಾರ್ಡ್. ನಮಗೆಲ್ಲ ಭಾರತದ ಪಾಸ್‌ಪೋರ್ಟ್. ನಾವು ಹೋದಾಗ ವೀಸಾ ಬೇಕಿತ್ತು, ಚಿಕ್ಕಮ್ಮನಿಂದ ಆಹ್ವಾನದ ಪತ್ರ ತರಿಸಿ ಅರ್ಜಿ ಹಾಕಿದೆವು. 2025ರ ಜೂನ್‌ನಿಂದ ಭಾರತದ ಪ್ರವಾಸಿಗಳು ವೀಸಾ ಇಲ್ಲದೆ 14 ದಿನ ಇರಬಹುದು. ಆದರೆ ಅದನ್ನು ವಿಸ್ತರಿಸಲು ಆಗುವುದಿಲ್ಲ. ನಂಟರ ಮನೆಯಲ್ಲಿ ನಿಧಾನವಾಗಿ ಇರಬೇಕು ಅನ್ನುವವರು ಈಗಲೂ ವೀಸಾ ಮಾಡಿಸಿಕೊಂಡು ಹೋಗುವುದೇ ಒಳ್ಳೆಯದು. ಇ-ಟ್ರಾವೆಲ್ ಅನ್ನುವ ಸರ್ಕಾರಿ ತಾಣದಲ್ಲಿ ಅಲ್ಲಿ ಇಳಿಯುವ ಮುಂಚಿನ 72 ಗಂಟೆಯೊಳಗೆ ನೋಂದಣಿ ಮಾಡಬೇಕು. ಅದಕ್ಕೆ ಶುಲ್ಕ ಇಲ್ಲ. ಶುಲ್ಕ ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ.

ಉಡುಗೊರೆಯ ಬಗ್ಗೆ ಅಮ್ಮ ಬಹಳ ಕಟ್ಟುನಿಟ್ಟು. ದೂರದಿಂದ ಬರುವವರು ಬರಿಗೈಲಿ ಬರುವಂತಿಲ್ಲ. ಅದಕ್ಕೆ ಪಸಾಲುಬೋಂಗ್ ಅನ್ನುತ್ತಾರೆ. ಒಬ್ಬರಿಗೆ ದೊಡ್ಡದು ಕೊಟ್ಟು ಇನ್ನೊಬ್ಬರಿಗೆ ಚಿಕ್ಕದು ಕೊಟ್ಟರೆ ಬೇಜಾರಾಗುತ್ತದೆ. ವಂಶಾವಳಿಯ ಹಾಳೆ ಇಲ್ಲೂ ಕೆಲಸಕ್ಕೆ ಬಂತು. ಮನೆಗಳನ್ನು ಎಣಿಸಿ ಪ್ರತಿ ಮನೆಗೂ ಒಂದೇ ತರಹದ ಪೊಟ್ಟಣ ಕಟ್ಟಿದೆವು: ಮೈಸೂರು ಸ್ಯಾಂಡಲ್ ಸೋಪು, ಊದುಬತ್ತಿ, ಕೊಡಗಿನ ಕಾಫಿಪುಡಿ, ಏಲಕ್ಕಿ. ಮಕ್ಕಳಿಗೆ ಚನ್ನಪಟ್ಟಣದ ಬೊಂಬೆ. ಸೋಪಿನ ವಾಸನೆ ಅವರಿಗೆ ಎಷ್ಟು ಇಷ್ಟವಾಯಿತು ಅಂದರೆ ಬಳಸದೆ ಬಟ್ಟೆಯ ಬೀರುವಿನಲ್ಲಿ ಇಟ್ಟುಕೊಂಡರು.

ದುಡ್ಡಿನ ಮಾತೂ ಆಡಲೇಬೇಕು. ಹೊರದೇಶದಿಂದ ಬಂದವರೇ ಹೋಟೆಲ್ ಬಿಲ್ ಕೊಡಬೇಕು, ಎಲ್ಲರನ್ನೂ ಕರೆದುಕೊಂಡು ಹೋಗಬೇಕು ಅನ್ನುವ ನಿರೀಕ್ಷೆ ಅಲ್ಲಿ ಇದೆ. ಅದರಲ್ಲಿ ತಪ್ಪೇನೂ ಇಲ್ಲ, ನಮ್ಮಲ್ಲೂ ಅಮೆರಿಕದಿಂದ ಬಂದವರನ್ನು ಹಾಗೇ ನೋಡುತ್ತೇವೆ. ನಮಗೆ ಎಷ್ಟು ಸಾಧ್ಯವೋ ಅಷ್ಟನ್ನು ಮೊದಲ ದಿನವೇ ಮನೆಯ ಹಿರಿಯ ಚಿಕ್ಕಮ್ಮನ ಕೈಗೆ ಕೊಟ್ಟೆವು, ಹಬ್ಬದ ಖರ್ಚಿಗೆ ಅಂತ. ಆಮೇಲೆ ಅದನ್ನು ಹೇಗೆ ಹಂಚಬೇಕು ಅನ್ನುವುದು ಅವರದು. ದಿನದಿನವೂ ಕೈ ಚೀಲಕ್ಕೆ ಹಾಕುವ ಮುಜುಗರ ಎರಡೂ ಕಡೆಯವರಿಗೆ ತಪ್ಪಿತು.

ಎಲ್ಲಕ್ಕಿಂತ ಹೆಚ್ಚು ಜೋಪಾನ ಮಾಡಿ ಒಯ್ದದ್ದು ಅಪ್ಪನ ಮದುವೆಯ ಬಾರೋಂಗ್. ಅದು ಫಿಲಿಪೀನ್ಸ್ ಗಂಡಸರ ಹಬ್ಬದ ಅಂಗಿ. ಅನಾನಸ್ ಎಲೆಯ ನಾರಿನಿಂದ ನೇಯ್ದ ಪಿನ್ಯಾ ಬಟ್ಟೆ, ಒಳಗಿನ ಬನಿಯನ್ ಕಾಣುವಷ್ಟು ತೆಳು. ಎದೆಯ ಮೇಲೆ ಕೈಕಸೂತಿ. ನೇಯುವುದು ದೂರದ ಅಕ್ಲಾನ್ ಪ್ರಾಂತ್ಯದಲ್ಲಿ. ಆ ನೇಯ್ಗೆಯನ್ನು 2023ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿದೆ. ಕಸೂತಿಗೆ ಹೆಸರಾದದ್ದು ಅಮ್ಮನ ಲುಂಬನ್. ಅಮ್ಮನ ಅಮ್ಮ ಬದುಕಿಡೀ ಕಸೂತಿ ಹಾಕಿಯೇ ಮಕ್ಕಳನ್ನು ಸಾಕಿದವರು. ಅಳಿಯನ ಅಂಗಿಯನ್ನೂ ಅವರೇ ಮಾಡಿದ್ದು.

ಆ ಮದುವೆಗೆ ಅವರು ಮೊದಲು ಒಪ್ಪಿರಲಿಲ್ಲವಂತೆ. ಅಲ್ಲಿ ಭಾರತದವರನ್ನು ಬುಂಬಾಯ್ ಅನ್ನುತ್ತಾರೆ. ಬುಂಬಾಯ್ ಅಂದರೆ ಮೋಟರ್‌ಬೈಕಿನಲ್ಲಿ ಬಂದು ಬಡ್ಡಿಗೆ ಸಾಲ ಕೊಡುವವನು, ಐದು ಕೊಟ್ಟು ಆರು ಕೇಳುವವನು, ಇದು ಊರಿನವರ ಕಣ್ಣಿಗೆ ಬಿದ್ದಿದ್ದ ಚಿತ್ರ. ಹಟ ಮಾಡುವ ಮಕ್ಕಳನ್ನು ಬುಂಬಾಯ್ ಹಿಡಿದುಕೊಂಡು ಹೋಗುತ್ತಾನೆ ಅಂತ ಹೆದರಿಸುತ್ತಿದ್ದರು. ಅಂಥವನಿಗೆ ಮಗಳನ್ನು ಕೊಡುವುದೇ? ಅಪ್ಪ ಒಂದು ಸುಗ್ಗಿಯಲ್ಲಿ ಅವರ ನಂಟರ ಗದ್ದೆಗೆ ಇಳಿದು ಭತ್ತ ಕೊಯ್ದರಂತೆ. ಕುಡುಗೋಲು ಹಿಡಿದ ರೀತಿ ನೋಡಿಯೇ ಇವನು ರೈತನ ಮಗ ಅಂತ ಗೊತ್ತಾಯಿತಂತೆ. ಈ ಕಥೆಯನ್ನು ಅಪ್ಪ ನಮಗೆ ಯಾವತ್ತೂ ಹೇಳಿರಲಿಲ್ಲ. ಲುಂಬನ್‌ನಲ್ಲಿ ಸಿಕ್ಕಿತು. ಹೇಗೆ ಸಿಕ್ಕಿತು ಅಂತ ಆಮೇಲೆ ಹೇಳುತ್ತೇನೆ.

ಅಕ್ಟೋಬರ್ ಕೊನೆಯ ವಾರ ಶುರುವಾಗುವ ಹೊತ್ತಿಗೆ ಅಲ್ಲಿದ್ದೆವು. ಇದಕ್ಕೆ ಎರಡು ಕಾರಣ. ತಿಂಗಳ ಕೊನೆಯ ಎರಡು ದಿನ ಮನಿಲಾ ಅರ್ಧ ಖಾಲಿಯಾಗುತ್ತದೆ, ಎಲ್ಲರೂ ಊರಿಗೆ ಹೊರಡುತ್ತಾರೆ, ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಇನ್ನೊಂದು, ಸಮಾಧಿ ತೊಳೆದು ಸುಣ್ಣಬಣ್ಣ ಹೊಡೆಯುವ ಕೆಲಸ ಅದಕ್ಕೆ ಮುಂಚೆ ಮುಗಿಯಬೇಕು. ಹಬ್ಬದ ದಿನ ಸ್ಮಶಾನದ ಗೇಟಿನಲ್ಲಿ ಪೊಲೀಸರು ಚೀಲ ನೋಡುತ್ತಾರೆ. ಕುಡುಗೋಲು, ಚಾಕು, ಮದ್ಯ, ಇಸ್ಪೀಟು ಒಳಗೆ ಬಿಡುವುದಿಲ್ಲ. ಅದು ಚಂಡಮಾರುತದ ಕಾಲವೂ ಹೌದು. ಹಿಂದೆ ಮುಂದೆ ಒಂದೆರಡು ದಿನ ಕೈಯಲ್ಲಿಟ್ಟುಕೊಂಡೇ ಟಿಕೆಟ್ ಮಾಡಬೇಕು.

ಮನಿಲಾದಿಂದ ಹೋಗುವ ದಾರಿಯಲ್ಲೇ ಲೋಸ್ ಬಾನ್ಯೋಸ್. ಇಳಿದು ಇರ್ರಿಯ ಮ್ಯೂಸಿಯಂ ನೋಡಿದೆವು. ಅಲ್ಲಿಯ ಬೀಜ ಭಂಡಾರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಭತ್ತದ ಮಾದರಿಗಳನ್ನು ಕಾಪಾಡಿಟ್ಟಿದ್ದಾರೆ. ಹಿಂದೆ ಮಕಿಲಿಂಗ್ ಬೆಟ್ಟ, ಮುಂದೆ ಹಸಿರು ಗದ್ದೆ. ಅಮ್ಮ ಮಕ್ಕಳಿಗೆ ತಾತ ಸೈಕಲ್ ನಿಲ್ಲಿಸುತ್ತಿದ್ದ ಜಾಗ ತೋರಿಸಿದರು. ರಸ್ತೆ ಬದಿಯಲ್ಲಿ ಎಳನೀರಿನ ಗಂಜಿ ತುಂಬಿದ ಬುಕೊ ಪೈ ಕೊಂಡು ಬಿಸಿಬಿಸಿ ತಿಂದೆವು. ಅದು ಆ ಊರಿನ ತಿಂಡಿ, ತಪ್ಪಿಸಬೇಡಿ.

ಲುಂಬನ್ ತಲುಪಿದಾಗ ಮನೆಯ ಮುಂದೆ ಆಗಲೇ ಕ್ರಿಸ್‌ಮಸ್ ನಕ್ಷತ್ರ ತೂಗುತ್ತಿತ್ತು. ಅಲ್ಲಿ ಸೆಪ್ಟೆಂಬರ್‌ನಿಂದಲೇ ಕ್ರಿಸ್‌ಮಸ್ ಸಡಗರ. ಮಕ್ಕಳಿಗೆ ಮೈಸೂರಿನಲ್ಲೇ ಹೇಳಿಕೊಟ್ಟಿದ್ದೆ: ಹಿರಿಯರು ಕಂಡರೆ ಬಗ್ಗಿ ಅವರ ಬಲಗೈ ಹಿಡಿದು ಹಣೆಗೆ ಮುಟ್ಟಿಸಿಕೊಳ್ಳಬೇಕು, "ಮಾನೊ ಪೊ" ಅನ್ನಬೇಕು. ತಮಗಿಂತ ದೊಡ್ಡ ಹುಡುಗಿಯನ್ನು ಆತೆ, ದೊಡ್ಡ ಹುಡುಗನನ್ನು ಕೂಯಾ, ಚಿಕ್ಕಮ್ಮ ಅತ್ತೆಯರನ್ನು ತೀತಾ ಅನ್ನಬೇಕು. ಹೆಸರು ಹಿಡಿದು ಕರೆಯುವಂತಿಲ್ಲ. ಇಷ್ಟು ಗೊತ್ತಿದ್ದರೆ ಸಾಕು. ಚಿಕ್ಕಮ್ಮಂದಿರು ಮಕ್ಕಳ ಹಣೆ ಮುಟ್ಟಿದ ಕೂಡಲೇ ಅತ್ತುಬಿಟ್ಟರು. ಭಾಷೆ ಪೂರ್ತಿ ಕಲಿಯಲು ಕಾಯಬೇಕಿಲ್ಲ. ಇಂಗ್ಲಿಷ್ ಹೆಚ್ಚಿನವರಿಗೆ ಬರುತ್ತದೆ.

ಇನ್ನೊಂದನ್ನೂ ಮೊದಲೇ ಹೇಳಿಟ್ಟಿದ್ದೆ. ಅಲ್ಲಿಯ ನಂಟರು ದಪ್ಪ ಆಗಿದ್ದೀಯಾ, ಕಪ್ಪಗಿದ್ದೀಯಾ ಅಂತ ಮುಖದ ಮೇಲೇ ಹೇಳುತ್ತಾರೆ. ನಮ್ಮ ಅಜ್ಜಿಯರೂ ಹೇಳುತ್ತಿರಲಿಲ್ವಾ? ಮಗಳಿಗೆ ಗೊತ್ತಿದ್ದರಿಂದ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಇಂಥ ಮಾತು ಹದಿನೇಳರ ಹುಡುಗಿಗೆ ತಯಾರಿ ಇಲ್ಲದೆ ಬಿದ್ದರೆ ಇಡೀ ಪ್ರವಾಸ ಕೆಟ್ಟುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಊರಿನಲ್ಲಿ ಹೋಟೆಲ್ ಹಿಡಿಯಲಿಲ್ಲ, ಚಿಕ್ಕಮ್ಮನ ಮನೆಯಲ್ಲೇ ಉಳಿದೆವು. ನೆಲದ ಮೇಲೆ ಚಾಪೆ, ಸೊಳ್ಳೆಪರದೆ, ಸಾಲಾಗಿ ಎಲ್ಲ ಮಕ್ಕಳು. ಬೆಳಗಿನ ಜಾವ ಅಡುಗೆಮನೆಯಲ್ಲಿ ಅಮ್ಮ ಮತ್ತು ತಂಗಿಯರು ಕಾಫಿ ಕುಡಿಯುತ್ತಾ ಪಿಸುಗುಟ್ಟುವುದನ್ನು ಕೇಳಿದೆ. ಅಮ್ಮ ಅಷ್ಟು ನಗುವುದನ್ನು ಮಂಡ್ಯದಲ್ಲಿ ನಾನು ಕೇಳಿಲ್ಲ. ಹೋಟೆಲ್‌ನಲ್ಲಿದ್ದಿದ್ದರೆ ನನ್ನ ಮಕ್ಕಳಿಗೆ ಆ ನಗು ಸಿಗುತ್ತಿರಲಿಲ್ಲ.

ಊಟದ ಸಮಸ್ಯೆ ಇದ್ದದ್ದು ನನ್ನ ಗಂಡನಿಗೆ. ಅವರು ಪೂರ್ತಿ ಸಸ್ಯಾಹಾರಿ. ಅಲ್ಲಿ ತರಕಾರಿ ಪಲ್ಯಕ್ಕೂ ರುಚಿಗೆ ಹಂದಿಮಾಂಸದ ತುಂಡೋ, ಸಿಗಡಿಯೋ ಬೀಳುತ್ತದೆ. ಪಾತಿಸ್ ಅನ್ನುವ ಮೀನಿನ ಸಾರ ಉಪ್ಪಿನ ಬದಲು ಬಳಕೆಯಾಗುತ್ತದೆ. ಸಸ್ಯಾಹಾರಿ ಅಂತ ಹೇಳಿದರೆ ಸಾಲದು, ಯಾವ್ಯಾವುದು ಬೇಡ ಅಂತ ಬಿಡಿಸಿ ಹೇಳಬೇಕು. ಅಮ್ಮ ಗುಂಪಿನಲ್ಲಿ ಮೊದಲೇ ಬರೆದಿದ್ದರು. ಸಿಹಿಗುಂಬಳವನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ್ದು, ಸುಟ್ಟ ಬದನೆಕಾಯಿಗೆ ಟೊಮೇಟೊ ಈರುಳ್ಳಿ ಹಾಕಿದ್ದು ದಿನವೂ ಇರುತ್ತಿತ್ತು. ಬೆಳಗ್ಗೆ ಬಿಸಿ ಪಾನ್ದೆಸಾಲ್ ಬನ್ನಿನ ಜೊತೆ ಬಾಳೆಲೆಯಲ್ಲಿ ಸುತ್ತಿದ ಕೇಸೋಂಗ್ ಪುತಿ, ಎಮ್ಮೆ ಹಾಲಿನ ಮೆತ್ತನೆಯ ಚೀಸ್. ಆ ಭಾಗದ ಹೆಮ್ಮೆ ಅದು. ಒಂದು ದಿನ ಇವರೇ ಸೌಟು ಹಿಡಿದು ಎಲ್ಲರಿಗೂ ಚಿತ್ರಾನ್ನ ಮಾಡಿದರು. ನಿಂಬೆಯ ಬದಲು ಕಲಮನ್ಸಿ ಹಿಂಡಿದರು, ಕರಿಬೇವು ನಾವು ಒಣಗಿಸಿ ಒಯ್ದಿದ್ದೆವು. ಅವತ್ತಿನಿಂದ ಇವರು ಊರಿನ ಅಳಿಯ ಆದರು. ಅಡುಗೆಮನೆಗೆ ಇಳಿದ ಮೇಲೆ ಅತಿಥಿ ಅನ್ನುವ ಅಂತರ ಉಳಿಯುವುದಿಲ್ಲ.

ಸಮಾಧಿ ತೊಳೆಯುವ ದಿನ ಬೆಳಗ್ಗೆಯೇ ಹೊರಟೆವು. ಬಕೆಟ್, ಪೊರಕೆ, ಬಿಳಿ ಬಣ್ಣ, ಬ್ರಷ್ಷು. ಮಗ ಮತ್ತು ಅವನ ಓರಗೆಯ ಹುಡುಗರು ಹುಲ್ಲು ಕಿತ್ತರು. ಮಗಳು ಕಲ್ಲಿನ ಮೇಲಿನ ಅಕ್ಷರಗಳಿಗೆ ಕಪ್ಪು ಬಣ್ಣ ತುಂಬಿದಳು. ಅವಳು ಮನೆಯಲ್ಲಿ ಹಾಳೆಯ ಮೇಲೆ ಬರೆದಿದ್ದ ಹೆಸರುಗಳೇ ಅಲ್ಲಿ ಕಲ್ಲಿನ ಮೇಲೆ ಇದ್ದವು. ಬಣ್ಣ ಒಣಗುವವರೆಗೆ ಕೂತು ಮಾತಾಡುತ್ತಾ ಹಾಳೆಗೆ ಇನ್ನೂ ಆರೇಳು ಹೆಸರು ಸೇರಿದವು, ಅದರಲ್ಲಿ ಹಸುಗೂಸಾಗಿದ್ದಾಗಲೇ ಹೋದ ಅಮ್ಮನ ಅಣ್ಣ ಒಬ್ಬ. ಅಮ್ಮ ಅವನ ವಿಷಯ ನಮಗೆ ಹೇಳಿರಲೇ ಇಲ್ಲ.

ನವೆಂಬರ್ 1ರ ಸಂಜೆ ಸ್ಮಶಾನ ಅಂದರೆ ಜಾತ್ರೆಯ ಜನ. ಎಲ್ಲ ಸಮಾಧಿಗಳ ಮೇಲೆ ಮೇಣದಬತ್ತಿ, ಹೂವು. ಒಂದು ಕಡೆ ಜಪಸರ, ಇನ್ನೊಂದು ಕಡೆ ಮಕ್ಕಳ ಗಲಾಟೆ, ತಿಂಡಿ ಡಬ್ಬಿಗಳು. ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಸುಮಾನ್ ಎಲ್ಲರ ಕೈಯಲ್ಲೂ. ಹುಡುಗರು ಕರಗಿ ಬಿದ್ದ ಮೇಣ ಆಯ್ದು ಉಂಡೆ ಮಾಡುವ ಪಂದ್ಯ ಕಟ್ಟುತ್ತಾರೆ. ನನ್ನ ಮಗ ಅದರಲ್ಲಿ ಮುಳುಗಿಹೋದ, ಬೊರಾಕಾಯ್ ಮಾತು ಮತ್ತೆ ಎತ್ತಲಿಲ್ಲ. ಪಕ್ಕದ ಸಮಾಧಿಗೆ ಬಂದವರು ಅಮ್ಮನ ಸ್ಕೂಲಿನ ಗೆಳತಿ. ಆಚೆ ಸಾಲಿನವರು ಅಮ್ಮನ ದೊಡ್ಡಪ್ಪನ ಮೊಮ್ಮಕ್ಕಳು. ಮನೆಮನೆಗೆ ಹೋಗಿ ಹುಡುಕಿದ್ದರೆ ತಿಂಗಳಾದರೂ ಸಿಗದಿದ್ದ ಜನ ಒಂದೇ ರಾತ್ರಿಯಲ್ಲಿ ನಾವು ಕೂತಲ್ಲಿಗೇ ಬಂದರು. ನಾವು ಹಿಂದೂಗಳು, ಅಲ್ಲಿ ಏನು ಮಾಡುವುದು ಅನ್ನುವ ಅಳುಕು ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಬತ್ತಿ ಹಚ್ಚಿ ಕೈಮುಗಿದೆವು. ಯಾರೂ ಬೇರೆ ಏನೂ ಕೇಳಲಿಲ್ಲ. ಅಮ್ಮ ತಮ್ಮ ಅಪ್ಪ ಅಮ್ಮನ ಪಕ್ಕದಲ್ಲಿ ನನ್ನ ಅಪ್ಪನ ಹೆಸರಿನಲ್ಲೂ ಒಂದು ಬತ್ತಿ ಹಚ್ಚಿದರು.

ಮಾರನೆಯ ದಿನ ಬಾರೋಂಗ್ ಹೊರಗೆ ತೆಗೆದೆ. ದೊಡ್ಡ ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದರು. ಎದೆಯ ಮೇಲಿನ ಹೂಬಳ್ಳಿ ತಮ್ಮ ಅಮ್ಮನದು, ಅಂದರು. ತೋಳಿನ ಅಂಚು ತಮ್ಮದು. ಇಲ್ಲಿ ಈ ಜಾಗದಲ್ಲಿ ಬಲೆಬಲೆಯ ಕೆಲಸ ಇದೆಯಲ್ಲ, ಅದು ಈಗ ಇಲ್ಲದಿರುವ ಇನ್ನೊಬ್ಬ ತಂಗಿಯದು. ಹೊಲಿಗೆಯ ಬಿಗಿ ನೋಡಿಯೇ ಅವರಿಗೆ ಯಾರ ಕೈ ಅಂತ ಗೊತ್ತಾಗುತ್ತಿತ್ತು. ಆಗಲೇ ಬಂತು ಬುಂಬಾಯ್ ಅಳಿಯನ ಕಥೆ, ಗದ್ದೆಯ ಕಥೆ, ಮದುವೆಗೆ ಎರಡು ವಾರ ಇರುವಾಗ ಎಲ್ಲರೂ ಒಂದೇ ಚೌಕಟ್ಟಿಗೆ ಕೂತು ರಾತ್ರಿಯಿಡೀ ಹೊಲಿದ ಕಥೆ. ಹಳೆಯ ವಸ್ತು ಒಂದನ್ನು ಕೈಯಲ್ಲಿಟ್ಟರೆ ಹಿರಿಯರು ಹೇಳುವುದು ಬೇರೆಯೇ. ನಿಮ್ಮ ಮನೆಯ ಟ್ರಂಕಿನಲ್ಲಿ ಅಂಥದ್ದೇನಾದರೂ ಇದ್ದರೆ ಖಂಡಿತ ಒಯ್ಯಿರಿ.

ಮಗಳು ಕೇಳಿದಳು, ತನಗೂ ಕಲಿಸುತ್ತೀರಾ ಅಂತ. ಅಲ್ಲಿಂದ ಹೊರಡುವವರೆಗೆ ಬೆಳಗಿನ ಹೊತ್ತು ಅವಳು ಬಸ್ತಿದೋರ್ ಮುಂದೆ. ಅದು ಬಟ್ಟೆ ಬಿಗಿದು ಕಟ್ಟುವ ಮರದ ಚೌಕಟ್ಟು. ಮೊದಲು ಚಿತ್ರ ಬರೆಯುವವರು ಬಟ್ಟೆಯ ಮೇಲೆ ನಮೂನೆ ಇಳಿಸಿಕೊಡುತ್ತಾರೆ. ಆಮೇಲೆ ಹೂವು, ಎಲೆ ತುಂಬುವುದು. ಕಲಾಡೊ ಅನ್ನುವುದು ಎಲ್ಲಕ್ಕಿಂತ ಕಷ್ಟ. ನೇಯ್ದ ಬಟ್ಟೆಯಿಂದ ಕೆಲವು ಎಳೆಗಳನ್ನು ಎಣಿಸಿ ಹೊರಗೆಳೆದು, ಉಳಿದ ಎಳೆಗಳನ್ನು ದಾರದಿಂದ ಬಿಗಿದು ಜಾಲರಿ ಮಾಡುವುದು. ಒಂದು ಎಳೆ ತಪ್ಪಿದರೆ ತುಂಡು ಹೋಯಿತು. ಚಿಕ್ಕಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ಮಗಳಿಗೆ ತಗಾಲೋಗ್ ಬರುವುದಿಲ್ಲ. ಕೈ ಹಿಡಿದು ತಿದ್ದುತ್ತಿದ್ದರು. ಕಸೂತಿ ಹಾಕುವವರು ಊರಿನಲ್ಲಿ ಕಡಿಮೆಯಾಗುತ್ತಿದ್ದಾರೆ, ಕೂಲಿ ಸಾಲದೆ ಹುಡುಗಿಯರು ಬೇರೆ ಕೆಲಸಕ್ಕೆ ಹೋಗುತ್ತಾರೆ ಅಂತ ಅವರಿಗೆ ಸಂಕಟ. ಬಾರೋಂಗ್ ಕೊಳ್ಳುವವರು ಯಂತ್ರದ ಕಸೂತಿಯನ್ನು ಬಿಟ್ಟು ಕೈಯದನ್ನೇ ಕೇಳಿ ಕೊಳ್ಳಬೇಕು ಅಂತ ನನಗೂ ಅನಿಸುತ್ತದೆ. ಬೆಲೆ ಹೆಚ್ಚು, ಆದರೆ ಆ ದುಡ್ಡು ಒಂದು ಮನೆಗೆ ಹೋಗುತ್ತದೆ.

ವಾಪಸ್ ಬರುವ ಮುಂಚೆ ಮನಿಲಾದಲ್ಲಿ ನೋಡಿದ್ದು ಒಂದೇ ಜಾಗ, ರಿಸಾಲ್ ಪಾರ್ಕ್ ಪಕ್ಕದ ರಾಷ್ಟ್ರೀಯ ಮಾನವಶಾಸ್ತ್ರ ಮ್ಯೂಸಿಯಂ. ಪ್ರವೇಶಕ್ಕೆ ಶುಲ್ಕ ಇಲ್ಲ. ಹೋದದ್ದು ಒಂದು ತಾಮ್ರಪಟಕ್ಕಾಗಿ. 1989ರಲ್ಲಿ ಲುಂಬನ್ ಹೊಳೆಯ ಬಾಯಿಯ ಹತ್ತಿರ ಮರಳು ತೆಗೆಯುವಾಗ ಸಿಕ್ಕಿದ್ದು. ಫಿಲಿಪೀನ್ಸ್‌ನಲ್ಲಿ ಸಿಕ್ಕಿರುವ ತೇದಿ ಇರುವ ಬರಹಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ಜಾವಾ ಕಡೆಯ ಹಳೆಯ ಕಾವಿ ಅನ್ನುವ ಲಿಪಿ, ಹಳೆ ಮಲಯ ಭಾಷೆ. ಓದಿ ಬಿಡಿಸಿದವರು ಡಚ್ ವಿದ್ವಾಂಸ ಆಂಟೂನ್ ಪೋಸ್ಟ್ಮಾ. ಅದು ಶುರುವಾಗುವುದು ಸ್ವಸ್ತಿ ಅಂತ. ಆಮೇಲೆ ಶಕವರ್ಷ 822, ವೈಶಾಖ ಮಾಸ, ಕೃಷ್ಣಪಕ್ಷದ ಚತುರ್ಥಿ, ಸೋಮವಾರ. ಕ್ರಿಸ್ತಶಕ 900ರ ಏಪ್ರಿಲ್. ಆಗ ನಮ್ಮಲ್ಲಿ ಮಾನ್ಯಖೇಟದಲ್ಲಿ ರಾಷ್ಟ್ರಕೂಟರು ಆಳುತ್ತಿದ್ದರು, ಅವರ ಕಾಲದ ಎಷ್ಟೋ ಕನ್ನಡ ಶಾಸನಗಳೂ ಸ್ವಸ್ತಿ ಅಂತಲೇ ಶುರುವಾಗಿ ಶಕವರ್ಷ ಹೇಳುತ್ತವೆ. ಸ್ಕೂಲಿನಲ್ಲಿ ಶಾಸನ ಓದಿದ್ದ ಮಗ ಗಾಜಿನ ಮುಂದೆ ನಿಂತುಬಿಟ್ಟ.

ಅದರಲ್ಲಿ ಏನು ಬರೆದಿದೆ ಅಂದರೆ, ನಮ್ವರನ್ ಅನ್ನುವವನ ಚಿನ್ನದ ಸಾಲ ತೀರಿತು, ಅವನೂ ಅವನ ಮಕ್ಕಳು ಮೊಮ್ಮಕ್ಕಳೂ ಋಣದಿಂದ ಬಿಡುಗಡೆಯಾದರು, ಮುಂದೆ ಯಾರೂ ಇದನ್ನು ಪ್ರಶ್ನಿಸಬಾರದು. ಅಂದರೆ ಇದು ಒಂದು ಮನೆಯವರ ಕಾಗದ. ರಾಜನ ದಂಡಯಾತ್ರೆ ಅಲ್ಲ, ದೇವಸ್ಥಾನದ ದಾನ ಅಲ್ಲ. ಅಮ್ಮ ಹುಟ್ಟಿ ಬೆಳೆದ ಊರಿನ ಹೊಳೆಯಲ್ಲಿ ಸಿಕ್ಕಿದ್ದರೂ ಅಮ್ಮ ಅದನ್ನು ನೋಡಿರಲಿಲ್ಲ. ಅದು ಸಿಗುವ ಹೊತ್ತಿಗೆ ಅವರು ಮಂಡ್ಯದಲ್ಲಿ ನಮ್ಮನ್ನು ಸ್ಕೂಲಿಗೆ ಕಳಿಸುತ್ತಿದ್ದರು.

ಬಂದ ಮೇಲೆ ಮಾಡಬೇಕಾದ ಕೆಲಸವೂ ಇದೆ. ಊರಿಗೆ ಬಂದ ವಾರವೇ ರೆಕಾರ್ಡ್ ಮಾಡಿದ್ದನ್ನೆಲ್ಲ ಜನರ ಹೆಸರಿನ ಪ್ರಕಾರ ಇಟ್ಟು ಗುಂಪಿಗೆ ಹಾಕಿದೆವು. ಹಳೆ ಫೋಟೋಗಳ ಹಿಂದಿನ ಬರಹದ ಚಿತ್ರವನ್ನೂ ತೆಗೆದು ಕಳಿಸಿದೆ. ಅಲ್ಲಿಯ ಸಾರ್ವಜನಿಕ ಸ್ಮಶಾನಗಳಲ್ಲಿ ಗೂಡಿನಂಥ ಸಮಾಧಿಗಳನ್ನು ಸಾಮಾನ್ಯವಾಗಿ ಕೆಲವು ವರ್ಷಗಳ ಬಾಡಿಗೆಗೆ ಕೊಡುತ್ತಾರೆ. ಅವಧಿ ಮುಗಿದಾಗ ಕಟ್ಟದಿದ್ದರೆ ಮೂಳೆ ತೆಗೆದು ಬೇರೆ ಕಡೆ ಇಡುತ್ತಾರೆ. ಅಮ್ಮನ ಚಿಕ್ಕಪ್ಪ ಒಬ್ಬರದು ಹಾಗೆ ಇದೆ. ಆ ಬಾಡಿಗೆಯನ್ನು ಇಷ್ಟು ವರ್ಷ ಚಿಕ್ಕಮ್ಮಂದಿರೇ ಹಂಚಿಕೊಂಡು ಕಟ್ಟುತ್ತಿದ್ದರು. ಈಗ ನಾನೂ ತಮ್ಮನೂ ನಮ್ಮ ಪಾಲು ಕಳಿಸುತ್ತೇವೆ. ಬಣ್ಣ, ಹೂವು, ಮೇಣದಬತ್ತಿಯ ಲೆಕ್ಕವನ್ನು ಮಗಳು ಮತ್ತು ಅಲ್ಲಿಯ ಅವಳ ಆತೆ ಮೆಸೆಂಜರ್‌ನಲ್ಲಿ ಮಾತಾಡಿಕೊಂಡು ಗೊತ್ತು ಮಾಡುತ್ತಾರೆ. ಮುಂದಿನ ದಸರಾಕ್ಕೆ ಆ ಹುಡುಗಿ ಮೈಸೂರಿಗೆ ಬರುತ್ತಾಳಂತೆ. ಅಪ್ಪನ ಕಡೆಯ ವಂಶಾವಳಿಯನ್ನು ಆ ಹೊತ್ತಿಗೆ ಬರೆದಿಡಬೇಕು, ಅವಳು ಈಗಲೇ ಕೇಳುತ್ತಿದ್ದಾಳೆ.